ಮುತ್ತತ್ತಿಗೆ ಹೋಗಬೇಕಿದ್ದ ದೋಣಿ

ಮದ್ದೂರು ದಾಟಿ ಮಂಡ್ಯದ ಕಡೆ ಹೋಗುವಾಗ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಬ್ಬಿನ ಗದ್ದೆಗಳ ನಡುವೆ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಫೈಬರಿನ ನೀರಿನ ತೊಟ್ಟಿ, ಬಸ್ಸಿನ ಮುಂಭಾಗ, ಪಾರ್ಕಿನ ಜಾರುಬಂಡೆ ಮಾಡುತ್ತಾರೆ. ನಮ್ಮೂರಿನ ಸಿದ್ದರಾಮು ಅಲ್ಲಿನ ಹಳೆಯ ಕೆಲಸಗಾರರು. ಅಚ್ಚಿಗೆ ಮೇಣ ಸವರಿ, ಗಾಜಿನ ನಾರಿನ ಹಾಸು ಹಾಸಿ, ಮೇಲೆ ರಾಳ ಉರುಳಿಸಿ, ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುವುದು ಅವರ ಕೆಲಸ. ಯಾವುದನ್ನು ಯಾವಾಗ ಅಚ್ಚಿನಿಂದ ತೆಗೆಯಬೇಕು ಅನ್ನುವುದರಲ್ಲಿ ಅವರ ಮಾತೇ ಕೊನೆ. ಯಾರಾದರೂ ಅವಸರ ಮಾಡಿದರೆ, ಅದು ಮಾಲೀಕ ಜಯಪ್ರಕಾಶ್ ಆದರೂ ಸರಿ, ಬಿಡುತ್ತಿರಲಿಲ್ಲ.

"ಇಟ್ಟು ಬೇಯೋಕ್ ಮುಂಚೆ ಮುದ್ದೆ ಕಟ್ಟಕ್ ಕೂತವ್ನೆ ನೋಡು" ಎನ್ನುತ್ತಿದ್ದರು.

ಇದು ಮೊದಲಿನ ಸಿದ್ದರಾಮು. ಅವರ ಒಬ್ಬಳೇ ಮಗಳು ಶೋಭಿತಾ ಮಂಡ್ಯದಲ್ಲಿ ಬಿ.ಕಾಂ. ಓದುತ್ತಿದ್ದಳು. ಎರಡು ವರ್ಷದ ಹಿಂದೆ ಗೆಳತಿಯರ ಜೊತೆ ಮುತ್ತತ್ತಿಗೆ ಹೋದವಳು ಹೊಳೆಯಲ್ಲಿ ಕಾಲು ಜಾರಿದಳು. ಸ್ವಲ್ಪ ಹೊತ್ತು ನಡುನೀರಿನ ಬಂಡೆಯೊಂದನ್ನು ಹಿಡಿದುಕೊಂಡಿದ್ದಳಂತೆ. ಕೆಳಗಿನಿಂದ ಹೊರಟ ಹರಿಗೋಲು ಎದುರು ನೀರಿಗೆ ಹತ್ತಲಾರದೆ ಇದ್ದಲ್ಲೇ ಸುತ್ತುತ್ತಿತ್ತು. ಮಾರನೆಯ ದಿನ ನಾಗಯ್ಯ ಎಂಬ ಈಜುಗಾರರು ಅವಳನ್ನು ಎತ್ತಿ ತಂದರು.

ಸಿದ್ದರಾಮು ಅಳಲಿಲ್ಲ. ಮಣ್ಣು ಮಾಡಿ ಬಂದರು, ಕೆಲವು ದಿನ ಮನೆಯಲ್ಲಿದ್ದರು, ಮತ್ತೆ ಕೆಲಸಕ್ಕೆ ಹೋದರು. ಕೈ ಮೊದಲಿನಂತೆಯೇ ಓಡುತ್ತಿತ್ತು. ಬಾಯಿ ಮಾತ್ರ ನಿಂತುಹೋಯಿತು. ಹೆಂಡತಿ ಶಿವನಂಜಮ್ಮ ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಉಂಡು ಎದ್ದರು. ಶೆಡ್ಡಿನಲ್ಲಿ ಯಾರು ಏನು ಹೇಳಿದರೂ "ಆಯ್ತು" ಅಷ್ಟೆ.

ದೋಣಿ ಮಾಡಿಸಬೇಕೆಂದು ಶೆಡ್ಡಿಗೆ ಬಂದವರು ಅದೇ ನಾಗಯ್ಯ. ಮಳವಳ್ಳಿ ಕಡೆಯ ಈಜುಗಾರರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಮುತ್ತತ್ತಿಯಲ್ಲಿ ಇಡಲು ಒಂದು ವೇಗದ ದೋಣಿ ಅವರಿಗೆ ಬೇಕಿತ್ತು. ಸಿದ್ದರಾಮುವನ್ನು ಅಲ್ಲಿ ಕಂಡು ನಾಗಯ್ಯ ಮಾತು ನಿಲ್ಲಿಸಿದರು. ಸಿದ್ದರಾಮು ರೋಲರ್ ತೊಳೆಯುತ್ತಲೇ "ಮಾಡ್ಬೋದು" ಎಂದರು.

ನಕ್ಷೆ ಬರೆದವಳು ಜಯಪ್ರಕಾಶರ ಅಕ್ಕನ ಮಗಳು ವೀಣ. ಕೊಚ್ಚಿಯಲ್ಲಿ ಹಡಗು ಕಟ್ಟುವ ವಿದ್ಯೆ ಓದಿದವಳು. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೋಣಿಯ ತಳ ಬರೆದು ವಿವರಿಸಿದಳು. ನಿಧಾನವಾಗಿ ಹೋಗುವ ದೋಣಿ ನೀರನ್ನು ತಳ್ಳಿಕೊಂಡು, ಅದರೊಳಗೆ ಕೂತೇ ಹೋಗುತ್ತದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಹಾಗೆ ಕೂತಿರುವ ತನಕ ವೇಗ ಬರುವುದಿಲ್ಲ. ತಳದ ಆಕಾರ ಸರಿಯಿದ್ದರೆ ಒಂದು ಹಂತದಲ್ಲಿ ನೀರೇ ದೋಣಿಯನ್ನು ಎತ್ತಿ ಹಿಡಿಯುತ್ತದೆ. ಆಮೇಲೆ ಅದು ನೀರಿನ ಮೇಲೆಯೇ ಜಾರುತ್ತದೆ.

"ನಾವು ಕೆರೇಲಿ ಎಂಚಿನ ಚೂರು ನೀರ್ ಮೇಲೆ ಆರಿಸ್ತಿರ್ಲಿಲ್ವಾ, ಅಂಗೆ" ಎಂದರು ಜಯಪ್ರಕಾಶ್.

"ಹಾಗೇ ಮಾವ. ಚಪ್ಪಟೆ ತಳ ಬೇಗ ಏಳುತ್ತೆ, ಆದ್ರೆ ಅಲೆಗೆ ಬಡಿಯುತ್ತೆ, ತಿರುಗೋವಾಗ ಪಕ್ಕಕ್ಕೆ ಜಾರುತ್ತೆ. ನೇಗಿಲಿನ ಹಾಗೆ ಚೂಪು ಮಾಡಿದ್ರೆ ಅಲೆ ಸೀಳುತ್ತೆ, ಆದ್ರೆ ಏಳೋಕೆ ಜಾಸ್ತಿ ದೂರ ಬೇಕು. ಮುತ್ತತ್ತೀಲಿ ಬಂಡೆಗಳ ಮಧ್ಯೆ ಅಷ್ಟು ಜಾಗ ಇಲ್ಲ. ಅದಕ್ಕೆ ಮುಂದೆ ಚೂಪು, ಹಿಂದಕ್ಕೆ ಬರ್ತಾ ಬರ್ತಾ ಚಪ್ಪಟೆ. ಹಿಂದಿನ ಅರ್ಧ ಮಾತ್ರ ಪಟ್ಟಿ ಇಟ್ಟ ಹಾಗೆ ನೇರ ಇರಬೇಕು."

ಸಿದ್ದರಾಮು ಪಟ್ಟಿ ಇಟ್ಟ ಹಾಗೆಯೇ ಅಚ್ಚು ಕಟ್ಟಿದರು. ಹಾಸು ಹಾಸಿದರು, ರಾಳ ಹಾಕಿದರು. ದೋಣಿ ಅಚ್ಚಿನಲ್ಲಿ ಗಟ್ಟಿಯಾಗುತ್ತಿದ್ದಾಗ ಜಯಪ್ರಕಾಶರ ತಾಯಿ ಯಶೋದಮ್ಮ ಶೆಡ್ಡಿಗೆ ಬಂದರು.

"ನಾಳಿದ್ದು ಆಸಾಡ ಉಟ್ಟುತ್ತೆ. ಒಸಾ ದೋಣಿ ಆಸಾಡದಲ್ಲಿ ಈಚೆಗೆ ತೆಗೀಬ್ಯಾಡ್ರಪ್ಪ. ನಾಳೆನೇ ತೆಗೆದು ಪೂಜೆ ಮಾಡ್ಬುಡಿ."

ಜಯಪ್ರಕಾಶ್ ಸಿದ್ದರಾಮುವಿನ ಕಡೆ ತಿರುಗಿದರು. ಸಿದ್ದರಾಮು ಅಂಬೇಡ್ಕರ್ ಸಂಘದವರ ಜೊತೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡವರು. ಅವರ ಮನೆಯಲ್ಲಿ ಆಷಾಢ, ಶ್ರಾವಣ ಎಂಬ ಲೆಕ್ಕವಿಲ್ಲ. ದೋಣಿಗೆ ಇನ್ನೂ ಒಂದು ವಾರ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಬಯ್ಯುತ್ತಾರೆ ಎಂದುಕೊಂಡು ಜಯಪ್ರಕಾಶ್ ಕಾದರು.

"ಆಯ್ತು" ಎಂದರು ಸಿದ್ದರಾಮು.

ಮಾರನೆಯ ದಿನ ದೋಣಿಯನ್ನು ಎತ್ತಿ ಎರಡು ಹಳೆಯ ಟ್ರ್ಯಾಕ್ಟರ್ ಟೈರುಗಳ ಮೇಲೆ ಇಟ್ಟರು. ಎಂಜಿನ್ ಕೂರಿಸುವ ದಪ್ಪ ಹಲಗೆಯನ್ನು ಹಿಂಭಾಗಕ್ಕೆ ಬಿಗಿದರು. ಯಶೋದಮ್ಮ ಕುಂಕುಮ ಇಟ್ಟು, ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿದರು. ದೋಣಿ ಕೆಲವು ದಿನ ಬಿಸಿಲಿನಲ್ಲಿ ಹಾಗೆಯೇ ಇತ್ತು.

ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಮೇಯುವ ಕೆರೆಯಲ್ಲಿ ಓಡಿಸಿ ನೋಡುವುದು ಎಂದಾಯಿತು. ಹಕ್ಕಿಗಳು ಮರಿ ದೊಡ್ಡವು ಮಾಡಿಕೊಂಡು ಹೋಗಿಯಾಗಿತ್ತು, ಎಂಜಿನ್ ಸದ್ದಿಗೆ ಬೆದರುವವು ಯಾವುವೂ ಇರಲಿಲ್ಲ. ನಾಗಯ್ಯ ತಮ್ಮವರಿಬ್ಬರನ್ನು ಕೂರಿಸಿಕೊಂಡು ದೋಣಿ ಬಿಟ್ಟರು. ಎಂಜಿನ್ ಅರಚಿತು. ದೋಣಿ ಮೂತಿಯನ್ನು ನೀರಿಗೆ ಒತ್ತಿಕೊಂಡು, ಕೆಸರಿನಲ್ಲಿ ಎಮ್ಮೆ ಹೋದ ಹಾಗೆ ಹೋಯಿತು. ಎರಡೂ ಪಕ್ಕದ ನೀರು ಕೂತವರ ಮುಖಕ್ಕೆ ಎರಚಿತು. ಒಬ್ಬರೇ ಓಡಿಸಿದಾಗಲೂ ಅಷ್ಟೆ. ಅದು ಏಳಲಿಲ್ಲ.

ನಾಗಯ್ಯ ಮೈ ಒರೆಸಿಕೊಂಡು ದಡಕ್ಕೆ ಬಂದರು. "ಇದ್ಕಿಂತ ನಮ್ಮ ಅರಿಗೋಲೇ ವಾಸಿ ಕಣಮ್ಮ. ಅದು ಸುತ್ತಾದ್ರೂ ಸುತ್ತುತ್ತೆ."

ವೀಣಳ ಮುಖ ಸಣ್ಣದಾಯಿತು. "ಭಾರ ಎಲ್ಲಿ ಬೀಳುತ್ತೆ ಅನ್ನೋ ನನ್ನ ಲೆಕ್ಕ ತಪ್ಪಿರಬೇಕು. ನಕ್ಷೆ ಮತ್ತೆ ಬರೀತೀನಿ."

"ಮತ್ತೆ ಅಚ್ಚು, ಮತ್ತೆ ದೋಣಿ, ಅಲ್ವಾ? ಬ್ಯಾಡ ಬುಡಮ್ಮ. ಸಂಗದೋರು ಕಾಯಲ್ಲ. ಎಳ್ಯೋ ಅಗ್ಗ, ಟ್ಯೂಬು ತಗೊಂಡು ಸುಮ್ಕಾಯ್ತೀವಿ."

ದೋಣಿಯನ್ನು ದಡಕ್ಕೆ ಎಳೆದು ಪಕ್ಕಕ್ಕೆ ವಾಲಿಸಿದ್ದರು. ವೀಣ ಅದರ ತಳವನ್ನೇ ನೋಡುತ್ತಿದ್ದಳು. "ಮಾವ, ತಳ ನೇರ ಇದೆಯಾ ಒಂದ್ಸಲ ಪಟ್ಟಿ ಇಟ್ಟು ನೋಡೋಣ್ವಾ?"

"ಅಚ್ಚು ಕಟ್ಟಿದ್ದು ರಾಮಣ್ಣ. ಅದ್ರಲ್ಲಿ ನೋಡೋದೇನೈತೆ?" ಎಂದರು ಜಯಪ್ರಕಾಶ್, ಸಿದ್ದರಾಮುವಿನ ಕಡೆ ಕೈ ತೋರಿಸಿ. ವೀಣ ಮತ್ತೆ ಕೇಳಲಿಲ್ಲ.

ಸಿದ್ದರಾಮು ದೋಣಿಯ ಬದಿಯಲ್ಲಿ ನಿಂತಿದ್ದರು. ಸುಮ್ಮನೆ ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ಹುಡುಗಿಯ ನಕ್ಷೆಯ ಮೇಲೆ ಉಳಿಯುತ್ತಿತ್ತು, ದೋಣಿ ಶೆಡ್ಡಿನ ಹಿಂದೆ ಬೀಳುತ್ತಿತ್ತು. ಸುಮ್ಮನಿರುವುದು ಅವರಿಗೆ ಕಷ್ಟದ ಕೆಲಸವೂ ಆಗಿರಲಿಲ್ಲ.

"ಪಟ್ಟಿ ತತ್ತಾ" ಎಂದರು.

ಗಾಡಿಯಲ್ಲಿದ್ದ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ತರಿಸಿಕೊಂಡು, ತಳದ ಹಿಂದಿನ ಅರ್ಧಕ್ಕೆ ಉದ್ದುದ್ದ ಹಿಡಿದರು. ಮುಂದೆ ಮುಟ್ಟಿತು, ತೀರ ಹಿಂದೆ ಅಂಚಿನಲ್ಲಿ ಮುಟ್ಟಿತು. ಅಂಚಿಗೆ ಸ್ವಲ್ಪ ಮುಂಚೆ ಬೆಳಕು ಕಾಣುತ್ತಿತ್ತು. ಅಲ್ಲಿ ಒಂದು ಬೆರಳು ತೂರುವಷ್ಟು ಹಳ್ಳ.

ವೀಣ ಮಂಡಿಯೂರಿ ನೋಡಿದಳು. "ಹಿಂದಿನ ಅಂಚು ಕೆಳಗೆ ಬಾಗಿದೆ. ಓಡೋವಾಗ ನೀರು ಇದಕ್ಕೆ ತಗುಲಿ ಹಿಂಭಾಗಾನ ಮೇಲೆತ್ತುತ್ತೆ. ಹಿಂದೆ ಎದ್ದರೆ ಮೂತಿ ಮುಳುಗುತ್ತೆ. ಆದ್ರೆ ಅಚ್ಚು ನೇರ ಇತ್ತಲ್ಲ?"

"ಅಚ್ಚು ನೇರ್ವಾಗೇ ಐತೆ. ದೋಣಿ ಅಸಿ ಇದ್ದಾಗ್ಲೇ ತೆಗೆದು ಟೈರ್ ಮೇಲೆ ಮಡಗ್ದೆ. ಟೈರಿಂದ ಆಚೆಗಿದ್ದ ಬಾಲ ಅಲಗೆ ಭಾರಕ್ಕೆ ಬಗ್ಗೈತೆ. ನಿನ್ನ ಲೆಕ್ಕ ಅಲ್ಲ ಕಣವ್ವ, ನಂದು."

ಜಯಪ್ರಕಾಶ್ ಟವೆಲ್ ಕೊಡವಿದರು. "ಅಮ್ಮ ಏನೋ ಅಂದ್ಲು, ನಾನು ಕೇಳ್ದೆ. ನೀನ್ಯಾಕೆ ಬಾಯ್ ಮುಚ್ಕಂಡಿದ್ದೆ ರಾಮಣ್ಣ? ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಏನೂ ಅನ್ನುಸ್ಲಿಲ್ಲ."

ನಾಗಯ್ಯ ಬೀಡಿ ಹಚ್ಚಿಕೊಂಡು ಕೆರೆಯ ಕಡೆ ತಿರುಗಿದರು. ಬೀಡಿ ಮುಗಿದ ಮೇಲೆ, "ಸರಿ ಮಾಡಕ್ಕಾಯ್ತದಾ?" ಎಂದು ಕೇಳಿದರು.

"ಆಯ್ತದೆ."

ದೋಣಿ ಶೆಡ್ಡಿಗೆ ವಾಪಸು ಬಂತು. ಆಷಾಢದಲ್ಲಿ ಕೆಲಸ ಶುರುವಾಯಿತೆಂದು ಜಯಪ್ರಕಾಶ್ ತಾಯಿಯ ಮುಂದೆ ಅಳುಕುತ್ತಲೇ ಹೇಳಿದರು. "ರಿಪೇರಿಗೆ ಯಾವ ಆಸಾಡ್ವೂ ಇಲ್ಲ ಬುಡ್ಲಾ" ಎಂದರು ಯಶೋದಮ್ಮ.

ದೋಣಿಯನ್ನು ಮಗುಚಿ ಹಾಕಿ, ಬಾಗಿದ ಅಂಚನ್ನು ಸಿದ್ದರಾಮು ಉಜ್ಜಿ ತೆಗೆದರು. ಹಳ್ಳಕ್ಕೆ ಪದರದ ಮೇಲೆ ಪದರ ಹಾಸು ಹಾಕಿ ತುಂಬಿದರು. ಮತ್ತೆ ಬಾಗದ ಹಾಗೆ ಒಳಗಡೆ ಉದ್ದಕ್ಕೆ ಎರಡು ಗಟ್ಟಿ ಪಟ್ಟಿ ಕೂರಿಸಿದರು. ಪುಡಿ ಕಣ್ಣಿಗೆ, ಕುತ್ತಿಗೆಗೆ ಮೆತ್ತಿಕೊಂಡು ಕಡಿಯುತ್ತಿದ್ದರೂ ಕೆರೆದುಕೊಳ್ಳಲಿಲ್ಲ. ತುಂಬಿದ್ದು ಕೈಗೆ ಗಟ್ಟಿ ಅನ್ನಿಸಿದ ದಿನವೇ ನಾಗಯ್ಯ ಫೋನ್ ಮಾಡಿದರು. ಶ್ರಾವಣ ಶನಿವಾರಗಳಲ್ಲಿ ಮುತ್ತತ್ತಿರಾಯನ ಗುಡಿಗೆ ಜನ ಬರುತ್ತಾರೆ, ಅಷ್ಟರೊಳಗೆ ದೋಣಿ ಅಲ್ಲಿರಬೇಕು. ಜಯಪ್ರಕಾಶ್ ಫೋನ್ ಹಿಡಿದುಕೊಂಡೇ ಶೆಡ್ಡಿಗೆ ಬಂದರು.

"ರಾಮಣ್ಣ, ನಾಳೆ ನೀರಿಗೆ ಇಳ್ಸನಾ?"

"ಆಗಲ್ಲ."

"ನಾಳಿದ್ದು?"

"ಇಟ್ಟು ಬೇಯ್ಬೇಕು. ಇನ್ನೊಂದು ವಾರ ಯಾರೂ ಮುಟ್ಟಕೂಡ್ದು. ನೀನೂವೆ."

ಜಯಪ್ರಕಾಶ್ ಫೋನಿಗೆ ಹೇಳಿದರು: "ಆಗಲ್ವಂತೆ ಕಣಣ್ಣ. ಬಾಯ್ ಬಂದೈತೆ ಇವತ್ತು." ಸಿದ್ದರಾಮು ನಗಲಿಲ್ಲ. ಪಟ್ಟಿ ತೆಗೆದು ಮತ್ತೊಮ್ಮೆ ತಳಕ್ಕೆ ಹಿಡಿದರು.

ವಾರ ಕಳೆದು ಅದೇ ಕೆರೆಗೆ ಹೋದರು. ಈ ಸಲ ನಾಗಯ್ಯ, "ಕೂತ್ಕೊ ಬಾ" ಎಂದು ಸಿದ್ದರಾಮುವನ್ನು ಹತ್ತಿಸಿಕೊಂಡರು. ಜೊತೆಗೆ ಈಜುಗಾರನೊಬ್ಬ. ದೋಣಿ ಹೊರಟಿತು. ಮೂತಿ ಮೇಲೆದ್ದು ಎದುರಿನ ದಡ ಕಾಣದಂತಾಯಿತು. ಆಮೇಲೆ ಮೂತಿ ತಾನಾಗಿಯೇ ಇಳಿದು ಸಮವಾಯಿತು, ಎಂಜಿನ್ ಸದ್ದು ಹಗುರವಾಯಿತು. ತಳಕ್ಕೆ ನೀರು ಟಪಟಪ ಬಡಿಯುವುದು ಕೂತಲ್ಲಿಗೆ ತಿಳಿಯುತ್ತಿತ್ತು. ಸಿದ್ದರಾಮು ಮುಂದೆ ನೋಡಲಿಲ್ಲ. ಹಿಂದಕ್ಕೆ ತಿರುಗಿ ಅಂಚನ್ನು ನೋಡುತ್ತಿದ್ದರು. ಕುಯ್ದ ಹಾಗೆ ನೀರು ಅಂಚಿನಿಂದ ಬಿಟ್ಟು ಹೋಗುತ್ತಿತ್ತು. ಎಂಜಿನ್ ಹಲಗೆ ಒಣಗಿಯೇ ಇತ್ತು.

ದಡಕ್ಕೆ ಬಂದು ಎಂಜಿನ್ ನಿಲ್ಲಿಸಿದರು. ನಾಗಯ್ಯ ಚುಕ್ಕಾಣಿ ಹಿಡಿದೇ ಇದ್ದರು. "ಅವತ್ತು ಇದು ಇದ್ದಿದ್ರೆ" ಎಂದು ಶುರು ಮಾಡಿ ಬಿಟ್ಟರು.

ಸಿದ್ದರಾಮು ದಡದ ಮೇಲೆ ನಿಂತಿದ್ದ ವೀಣ ಮತ್ತು ಜಯಪ್ರಕಾಶರ ಕಡೆ ನೋಡಿ, "ನೀವಿಬ್ರೂ ಅತ್ಕಳಿ" ಎಂದರು.

"ನಾನ್ಯಾಕೆ? ನಂಗೆ ಈಜು ಬರಲ್ಲ ಕಣಣ್ಣ" ಎಂದರು ಜಯಪ್ರಕಾಶ್. ಅವರು ದಪ್ಪ ಆಸಾಮಿ.

"ಅದ್ಕೇಯ. ಓಗೋವಾಗ ಮೂರು ಜನ. ಬರೋವಾಗ ನೀರಿಂದ ಎತ್ಕೊಂಡೋರೂ ಇರ್ತಾರಲ್ಲ."

ಜಯಪ್ರಕಾಶ್ ಪಂಚೆ ಎತ್ತಿ ಕಟ್ಟಿಕೊಂಡು, ವೀಣಳ ಭುಜ ಹಿಡಿದುಕೊಂಡು ಹತ್ತಿದರು. ದೋಣಿ ತಗ್ಗಿತು. ನಾಗಯ್ಯ ಎಂಜಿನ್ ಚಾಲೂ ಮಾಡಿದರು. ಮೂತಿ ಮೇಲೆದ್ದಿತು, ಮೊದಲಿಗಿಂತ ಹೆಚ್ಚು ಹೊತ್ತು ಹಾಗೆಯೇ ನಿಂತಿತು. ಸಿದ್ದರಾಮು ಅಂಚಿನ ಮೇಲೆ ಕೈಯಿಟ್ಟುಕೊಂಡು ಹಿಂದಕ್ಕೆ ನೋಡುತ್ತಾ ಕೂತಿದ್ದರು. ಐದು ಜನರನ್ನೂ ಹೊತ್ತುಕೊಂಡು ದೋಣಿ ಎದ್ದಿತು.