ಕುಲಾವಿ ಮತ್ತು ಕಸದ ಬುಟ್ಟಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಬೆಳಿಗ್ಗೆ ಹುಟ್ಟಿದಳು. ತಾಯಿ, ಕೂಸು ಇಬ್ಬರೂ ಆರಾಮ. ಈ ಸುದ್ದಿಯನ್ನು ಈಗಾಗಲೇ ಮನೆಯ ಮಾಲಕರಿಗೆ ತೆಲುಗಿನಲ್ಲಿ, ಆಟೋದವನಿಗೆ ಹಿಂದಿಯಲ್ಲಿ, ಊರಲ್ಲಿರುವ ಅಕ್ಕನಿಗೆ ಫೋನಿನಲ್ಲಿ ನಮ್ಮ ಮಾತಿನಲ್ಲಿ ಹೇಳಿ ಮುಗಿಸಿದ್ದೇನೆ. ಆಟೋದವನು ಭಾಳ ಸಂತೋಷಪಟ್ಟ. ಆ ಸಂತೋಷದಲ್ಲಿ ಮೀಟರಿಗಿಂತ ಹೆಚ್ಚು ಕೇಳುವುದನ್ನೇನೂ ಮರೆಯಲಿಲ್ಲ. ಇನ್ನು ಉಳಿದವರು ನೀವು. ನಿಮಗೆ ಬರೀ ಸುದ್ದಿ ಹೇಳಿ ಎದ್ದುಹೋಗಲು ಮನಸ್ಸಿಲ್ಲ. ಏಕೆಂದರೆ ಈ ಸಂತೋಷದ ಬೆನ್ನಿಗೆ ಒಂದು ದೊಡ್ಡ ಅಂಜಿಕೆ ನಿಂತಿತ್ತು, ಆ ಅಂಜಿಕೆಯ ಬೆನ್ನಿಗೆ ನನ್ನ ಮ್ಯಾಕ್ ಕಂಪ್ಯೂಟರು ಕೂತಿತ್ತು.

ನಾನು ಓದಿದ್ದು ಐದನೆಯ ಇಯತ್ತೆ. ಬೀದರದ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದು ಒಂದು ಛಾಪಖಾನೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮುಂದೆ ಮಾಲಕರು ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿ ಒಂದು ಮ್ಯಾಕ್ ತಂದು ಕೂರಿಸಿದರು. ನನ್ನ ಜೊತೆಯವರು ಅದನ್ನು ನೋಡಿ ಬೇರೆ ಕೆಲಸ ಹುಡುಕಿಕೊಂಡು ಹೋದರು. ನಾನು ಅದರ ಮುಂದೆ ಕೂತೆ. ಧೈರ್ಯದಿಂದಲ್ಲ, ಮನೆಗೆ ಹೋಗಿ ಹೆಂಡತಿಗೆ ಕೆಲಸ ಹೋಯಿತೆಂದು ಹೇಳುವ ಅಂಜಿಕೆ ಈ ಯಂತ್ರದ ಅಂಜಿಕೆಗಿಂತ ದೊಡ್ಡದಾಗಿತ್ತು. ಛಾಪಖಾನೆ ಮುಚ್ಚಿ ಬಹಳ ಕಾಲವಾಯಿತು. ಈಗ ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನನ್ನದೇ ಒಂದು ಮ್ಯಾಕ್ ಇದೆ. ಈ ಊರಿನ ಕನ್ನಡದವರ ಲಗ್ನದ, ಗೃಹಪ್ರವೇಶದ, ತೊಟ್ಟಿಲಿನ ಕಾರ್ಡುಗಳನ್ನು ಅದರ ಮೇಲೆಯೇ ಮಾಡುತ್ತೇನೆ.

ಇಷ್ಟು ಕಾಲ ಒಂದೇ ಯಂತ್ರದ ಮುಂದೆ ಕೂತವನಿಗೆ ಸಾಫ್ಟ್‌ವೇರಿನ ಬಗ್ಗೆ ಅಭಿಪ್ರಾಯಗಳು ಹುಟ್ಟದೆ ಇರುತ್ತವೆಯೇ? ಹುಟ್ಟಿವೆ, ಬೇಕಾದ್ದಕ್ಕಿಂತ ಹೆಚ್ಚು. ನನ್ನ ಅಳಿಯ ಪ್ರಕಾಶ ಮಣಿಕೊಂಡದ ಆಚೆ ದೊಡ್ಡ ಆಫೀಸಿನಲ್ಲಿ ಕಂಪ್ಯೂಟರಿನದೇ ಕೆಲಸ ಮಾಡುವವರು. ಅವರು ನಾನು ಕೆಲಸ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿ ಒಂದು ಸಲ ಹೇಳಿದರು: "ಮಾಮಾ, ನೀವು ಕಂಪ್ಯೂಟರ್ ನಡಸಾಕತ್ತಿಲ್ಲ, ಬ್ಯಾಂಕ್ ಕಾಯಾಕತ್ತೀರಿ."

ಮಾತು ನಿಜ. ನನ್ನ ಅಭಿಪ್ರಾಯಗಳೆಲ್ಲ ಅಂಜಿಕೆಯ ಮಕ್ಕಳು. ಮೊದಲನೆಯದಾಗಿ, ಪರದೆಯ ಮೇಲೆ ಒಂದು ಕಡತವೂ ಬಿದ್ದಿರಬಾರದು. ಛಾಪಖಾನೆಯಲ್ಲಿ ಮೊಳೆಯ ಖಾನೆಯೊಂದು ಕೈಜಾರಿ ಬಿದ್ದು ಒತ್ತು, ಕೊಂಬು, ದೀರ್ಘ ಎಲ್ಲವೂ ಚೆಲ್ಲಿದ ಜೋಳದಂತೆ ನೆಲದ ತುಂಬ ಹರಡಿದ್ದನ್ನು ನೋಡಿದವನು ನಾನು. ಪರದೆಯ ತುಂಬ ಕಡತ ಚೆಲ್ಲಿಕೊಂಡವರನ್ನು ಕಂಡರೆ ಇಂದಿಗೂ ಬಗ್ಗಿ ಆರಿಸಲು ಹೋಗುವಂತಾಗುತ್ತದೆ. ಪರದೆಯ ಕೆಳಗೆ ಸಾಫ್ಟ್‌ವೇರುಗಳನ್ನು ಸಾಲಾಗಿ ನಿಲ್ಲಿಸುವ ಡಾಕ್ ಎಂಬ ಪಟ್ಟಿ ಇದೆಯಲ್ಲ, ಅದನ್ನು ಅಡಗಿಸಿಟ್ಟಿದ್ದೇನೆ. ಮೌಸಿನ ಬಾಣ ಹತ್ತಿರ ಹೋದರೆ ಅದು ಪೂರಿಯ ಹಾಗೆ ಉಬ್ಬುತ್ತದೆ. ಕೆಲಸದ ಹೊತ್ತಿನಲ್ಲಿ ಉಬ್ಬುವ ವಸ್ತು ನನಗೆ ಸೇರದು. ಮೇಲಿನ ಮೂಲೆಯ ಭೂತಕನ್ನಡಿ ಮಾತ್ರ ಬಂಗಾರ. ಅದರಲ್ಲಿ ಎರಡು ಅಕ್ಷರ ಒತ್ತಿದರೆ ಬೇಕಾದ ಕಡತ ಬಂದು ಎದುರಿಗೆ ನಿಲ್ಲುತ್ತದೆ. ಆ ಶಕ್ತಿ ನಾನು ಕಂಡಂತೆ ಮತ್ತೊಬ್ಬರಿಗಿದೆ: ನನ್ನ ಹೆಂಡತಿ ಶಾಂತಾಗೆ. "ನನ್ನ ಕನ್ನಡಕ" ಎನ್ನುವಷ್ಟರಲ್ಲಿ "ಹಣಿ ಮ್ಯಾಲ ಐತಿ" ಎನ್ನುತ್ತಾಳೆ.

ನೆನಪಿಸುವ ಸಾಫ್ಟ್‌ವೇರನ್ನೂ ಇಟ್ಟುಕೊಂಡಿದ್ದೇನೆ. ಕೊಡಬೇಕಾದ ಕೆಲಸವನ್ನು ಅದರಲ್ಲಿ ಬರೆಯುತ್ತೇನೆ, ಗೋಡೆಯ ಕ್ಯಾಲೆಂಡರಿನ ಮೇಲೂ ಬರೆಯುತ್ತೇನೆ, ಶಾಂತಾಗೂ ಹೇಳುತ್ತೇನೆ. ಈ ಮೂರರಲ್ಲಿ ಒಮ್ಮೆಯೂ ಕೆಡದೆ ನಡೆದದ್ದು ಕೊನೆಯದು. ಇನ್ನು ಮಾಡಿದ್ದನ್ನು ಉಳಿಸುವ, ಅಂದರೆ ಸೇವ್ ಮಾಡುವ ವಿಷಯ. ಒಂದು ಸಾಲು ಜೋಡಿಸಿದೆನೆಂದರೆ ಎಡಗೈಯ ಎರಡು ಬೆರಳು ತಾವೇ ಹೋಗಿ ಉಳಿಸುವ ಗುಂಡಿಗಳನ್ನು ಒತ್ತುತ್ತವೆ. ನಿದ್ದೆಯಲ್ಲೂ ಒತ್ತುತ್ತವೆ ಎಂದು ಶಾಂತಾಳ ದೂರು. ಹೊಸ ಪದ್ಧತಿಯಲ್ಲಿ ಯಂತ್ರ ತಾನೇ ಉಳಿಸಿಕೊಳ್ಳುತ್ತದಂತೆ, ನಾವು ಒತ್ತಬೇಕಿಲ್ಲವಂತೆ. ಕೇಳದೆ ಉಪಕಾರ ಮಾಡುವವರನ್ನು ನಾನು ಬೇಗ ನಂಬುವುದಿಲ್ಲ. 'ಬೇರೆ ಹೆಸರಿನಲ್ಲಿ ಉಳಿಸು' ಎಂಬ ಹಳೆಯ ಸಾಲನ್ನು ಯಾರ ಕಣ್ಣಿಗೂ ಬೀಳದ ಕಡೆ ಬಚ್ಚಿಟ್ಟಿದ್ದಾರೆ. ಅತ್ತೆಯನ್ನು ಹಿಂದಿನ ಕೋಣೆಗೆ ಕಳಿಸಿದ ಹಾಗೆ.

ಆದರೆ ಎಲ್ಲಕ್ಕಿಂತ ದೊಡ್ಡದು ಟೈಮ್ ಮಷಿನ್ ಎಂಬ ಸಾಫ್ಟ್‌ವೇರು. ತಾಸಿಗೊಮ್ಮೆ ಎಲ್ಲದರ ನಕಲು ತೆಗೆದು ಬೇರೊಂದು ಡಿಸ್ಕಿನಲ್ಲಿ ಇಡುತ್ತ ಹೋಗುತ್ತದೆ. ಇವತ್ತು ಕಳೆದದ್ದನ್ನು ಹೋದ ತಿಂಗಳಿಗೆ ಹೋಗಿ ತರಬಹುದು. ಅದನ್ನು ಮಾಡಿದವರು ನನ್ನಂಥ ಅಂಜುಬುರುಕರೇ ಇರಬೇಕು. ನಮ್ಮ ಅಜ್ಜಿ ಓದಿದವಳಲ್ಲ, ಆದರೆ ಈ ವಿದ್ಯೆ ಅವಳಿಗೆ ಗೊತ್ತಿತ್ತು. ಬಿತ್ತನೆಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಒಂದಿಷ್ಟು, ಅಟ್ಟದ ಮೇಲಿನ ಗಡಿಗೆಯಲ್ಲಿ ಒಂದಿಷ್ಟು, ಪಕ್ಕದ ಊರಿನ ತಮ್ಮನ ಮನೆಯಲ್ಲಿ ಒಂದಿಷ್ಟು ಇಡುತ್ತಿದ್ದಳು. ಹಗೇವಿಗೆ ನೀರು ನುಗ್ಗಿದರೆ ಗಡಿಗೆ, ಗಡಿಗೆಗೆ ಹುಳ ಹತ್ತಿದರೆ ತಮ್ಮ, ತಮ್ಮನ ಹೆಂಡತಿ ಜಗಳ ತೆಗೆದರೆ ತಿರುಗಿ ಹಗೇವು. ಅದೇ ಬುದ್ಧಿಯಿಂದ ನಾನೂ ಎರಡನೆಯ ಡಿಸ್ಕೊಂದನ್ನು ಮಿಯಾಪುರದ ಬೀಗರ ಮನೆಯಲ್ಲಿ ಇಟ್ಟಿದ್ದೇನೆ. ಹಬ್ಬಕ್ಕೆ ಹೋದಾಗ ಒಂದನ್ನು ಕೊಟ್ಟು ಇನ್ನೊಂದನ್ನು ತರುತ್ತೇನೆ. ಪ್ರಕಾಶನ ತಾಯಿ, ನಮ್ಮ ಬೀಗತಿ, ಅದರಲ್ಲಿ ಏನೋ ದೊಡ್ಡದಿದೆ ಎಂದುಕೊಂಡು ಅರಿಷಿಣ ಕುಂಕುಮ ಹಚ್ಚಿ ದೇವರ ಕಪಾಟಿನಲ್ಲಿಟ್ಟಿದ್ದಾರೆ. ಹೀಗೆ ನನ್ನ ಮನೆಯಲ್ಲಿ ಏನೂ ಕಳೆಯದಂತೆ ನೋಡಿಕೊಂಡೆ. ಈ ವ್ಯವಸ್ಥೆಯೇ ಒಂದು ದಿನ ನನ್ನ ಕೊರಳಿಗೆ ಬರುತ್ತದೆಂದು ಗೊತ್ತಿರಲಿಲ್ಲ.

ಮಗಳು ಗೌರಿ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ನಮ್ಮಲ್ಲಿ ಕೂಸು ಹುಟ್ಟುವ ತನಕ ಕೂಸಿಗಾಗಿ ಏನನ್ನೂ ಮಾಡುವಂತಿಲ್ಲ, ಕೊಳ್ಳುವಂತಿಲ್ಲ. ಹೆಸರು ಆಡುವಂತಿಲ್ಲ, ಅಂಗಿ ಹೊಲಿಸುವಂತಿಲ್ಲ. ಮೊದಲ ಅರಿವೆಯನ್ನೂ ಬೇರೆ ಮನೆಯಿಂದ ಹಳೆಯದು ಬೇಡಿ ತಂದೇ ಹಾಕಬೇಕು. ಕೆಳಗಿನ ಮನೆಯವರು ಪ್ರೀತಿಯಿಂದ ಒಂದು ಬಣ್ಣದ ಗಿಲಕಿ ತಂದುಕೊಟ್ಟಾಗ ಶಾಂತಾ ನಗುನಗುತ್ತಲೇ ಅದನ್ನು ಅವರ ಕೈಯಲ್ಲೇ ತಿರುಗಿ ಕಳಿಸಿದಳು. ಬಾಗಿಲು ಹಾಕಿಕೊಂಡ ಮೇಲೆ ನನ್ನ ಕಡೆ ತಿರುಗಿ, "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಬಾರದು. ನಿಮಗೂ ಹೇಳಾಕತ್ತೀನಿ ಮತ್ತ," ಎಂದಳು.

ನನಗೆ ಯಾಕೆ ಹೇಳಿದಳೋ. ಅಷ್ಟು ಹೊತ್ತಿಗೆ ನನ್ನ ಕುಲಾವಿ ಹೊಲಿದಾಗಿತ್ತು. ತೊಟ್ಟಿಲಿನ ಕಾರ್ಡು ಮಾಡಿಬಿಟ್ಟಿದ್ದೆ. ಆಸೆಯಿಂದ ಎಂದರೆ ಅರ್ಧ ನಿಜ; ಉಳಿದರ್ಧ ಅದೇ ಅಂಜಿಕೆ. ಕೂಸು ಹುಟ್ಟಿದ ಮೇಲೆ ಹೆಸರಿಡುವ ದಿನ ಎಷ್ಟೊತ್ತಿಗೂ ಬಂದುಬಿಡುತ್ತದೆ. ಕರೆಂಟು ಹೋದರೆ, ಕಾಗದ ಸಿಗದಿದ್ದರೆ, ಊರೇ ಬಂದ್ ಆದರೆ? ಊರಿಗೆಲ್ಲ ಕಾರ್ಡು ಮಾಡಿದವನ ಮೊಮ್ಮಗುವಿಗೇ ಕಾರ್ಡಿಲ್ಲ ಎಂದಾದರೆ? ಒಂದು ಮಧ್ಯಾಹ್ನ ಕೂತು ಸುತ್ತ ಮಲ್ಲಿಗೆ ಬಳ್ಳಿ, ನಡುವೆ ತೊಟ್ಟಿಲು, ತೊಟ್ಟಿಲ ಕೆಳಗೆ ಹೆಸರಿಗೆ ಖಾಲಿ ಜಾಗ ಬಿಟ್ಟು ಮಾಡಿದೆ. ಉಳಿಸಿದೆ. ಮತ್ತೆ ತೆರೆಯಲಿಲ್ಲ.

ಆಮೇಲೆ ಗೌರಿಗೆ ಬಿಪಿ ಏರಿತು. ಕಾಲು ಬಾತವು. ಡಾಕ್ಟರಮ್ಮ, ಪಲ್ಲಂಗ ಬಿಟ್ಟು ಏಳಬೇಡ ಎಂದರು. ಗಾಳಿ ಬರುವುದು ಮುಂದಿನ ಕೋಣೆಗೆ ಮಾತ್ರ, ಹಾಗಾಗಿ ಅವಳ ಪಲ್ಲಂಗ ನನ್ನ ಮ್ಯಾಕಿನ ಪಕ್ಕಕ್ಕೆ ಬಂತು. ನಾನು ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಅವಳ ಬಾತ ಕಾಲಿನ ಮೇಲೆ ಇಟ್ಟು ಕೆಲಸ ಮಾಡುತ್ತಿದ್ದೆ. ಎಲ್ಲರೂ ಅವಳಿಗೆ ಏನೂ ಆಗುವುದಿಲ್ಲ ಎನ್ನುತ್ತಿದ್ದೆವು. ನನ್ನ ತಲೆಯೊಳಗೆ ಮಾತ್ರ ಒಂದೇ ಮಾತು ತಿರುಗುತ್ತಿತ್ತು: ಇದು ನಿನ್ನ ಕುಲಾವಿಯ ಫಲ.

ನಿನ್ನೆ ಸಂಜೆ ಬಿಪಿ ಇನ್ನೂ ಏರಿತು. ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ನೋವು ಬರಿಸುವ ಸೂಜಿ ಹಾಕಿ ನೋಡುತ್ತೇವೆ, ಬೆಳಗಿನ ತನಕ ಆಗದಿದ್ದರೆ ಆಪರೇಷನ್ ಎಂದರು. ಪ್ರಕಾಶ ಮಿಯಾಪುರದಿಂದ ಹೊರಟು ಮೆಟ್ರೋ ಕಂಬಕ್ಕೆ ಅಗೆದ ರಸ್ತೆಗಳಲ್ಲಿ ಸಿಕ್ಕಿಕೊಂಡು, ಬಂದು ತಲುಪುವಷ್ಟರಲ್ಲಿ ಅವರ ಮುಖ ನನ್ನ ಮುಖಕ್ಕಿಂತ ಬಾಡಿತ್ತು. ಇವತ್ತು ಬೆಳಕು ಹರಿದ ಮೇಲೆ ಶಾಂತಾ ನನ್ನನ್ನು ಆಸ್ಪತ್ರೆಯ ವರಾಂಡದಿಂದ ಅಟ್ಟಿದಳು. "ಇಲ್ಲಿ ನಡದಾಡಿ ನಡದಾಡಿ ಎಲ್ಲಾರಿಗೂ ತಲಿ ತಿರಗಸ್ಬ್ಯಾಡ್ರಿ. ಮನಿಗೆ ಹೋಗಿ ಜಳಕ ಮಾಡಿ ದೇವರಿಗೆ ದೀಪ ಹಚ್ಚಿ ಬರ್‍ರಿ."

ಮನೆಗೆ ಬಂದು ಜಳಕ ಮಾಡಿದೆ, ದೀಪ ಹಚ್ಚಿದೆ, ನೇರ ಮ್ಯಾಕಿನ ಮುಂದೆ ಕೂತೆ. ಕಾರ್ಡನ್ನು ಎಳೆದು ಕಸದ ಬುಟ್ಟಿಗೆ ಹಾಕಿದೆ. ನನ್ನ ಕಸದ ಬುಟ್ಟಿಯನ್ನು ನಾನು ಎಂದೂ ಖಾಲಿ ಮಾಡಿದವನಲ್ಲ. ಯಾವ ಕಸ ಯಾವತ್ತು ಬೇಕಾಗುತ್ತದೋ ಎಂಬ ಅಂಜಿಕೆ. ಇವತ್ತು ಖಾಲಿ ಮಾಡು ಎಂದೆ. ಯಂತ್ರ ಕೇಳಿತು: ಅಳಿಸಿದರೆ ತಿರುಗಿ ಬರುವುದಿಲ್ಲ, ಖಾತ್ರಿಯೇ?

ಈ ಪ್ರಶ್ನೆಯನ್ನು ಅದು ನನಗೆ ಕೇಳಿದ್ದು ಇದೇ ಮೊದಲು. ಬಾಣವನ್ನು 'ಹೌದು' ಎಂಬುದರ ತನಕ ಒಯ್ದು ಅಲ್ಲಿಯೇ ನಿಲ್ಲಿಸಿದೆ. ಹುಟ್ಟಬೇಕಾದ ಕೂಸಿನ ತೊಟ್ಟಿಲನ್ನು ಕಸದ ಬುಟ್ಟಿಗೆ ಹಾಕಿ, ತಿರುಗಿ ಬರುವುದು ಬೇಡ ಎಂದು ಒಪ್ಪಿಗೆ ಕೊಡುವ ಅಜ್ಜ ನಾನು. ಇದಕ್ಕಿಂತ ಅಪಶಕುನ ಬೇರೆ ಏನಿದೆ? ಇಟ್ಟುಕೊಂಡರೂ ಕೇಡು, ತೆಗೆದುಹಾಕಿದರೂ ಕೇಡು. ಅಷ್ಟರಲ್ಲಿ ಟೈಮ್ ಮಷಿನ್ ನೆನಪಾಯಿತು. ಇಲ್ಲಿ ಅಳಿಸಿದರೇನು, ಪಕ್ಕದ ಡಿಸ್ಕಿನಲ್ಲಿ ಅದೇ ಕಾರ್ಡಿನ ನಕಲುಗಳಿವೆ. ಹೋದ ಹಬ್ಬಕ್ಕೆ ಕೊಟ್ಟುಬಂದ ಮಿಯಾಪುರದ ಡಿಸ್ಕಿನಲ್ಲೂ ಇದೆ. ಅಲ್ಲಿ ಅದಕ್ಕೆ ದಿನಾ ಊದಿನಕಡ್ಡಿ ಬೆಳಗುತ್ತಿದ್ದಾರೆ. ಏನೂ ಕಳೆಯಬಾರದೆಂದು ಕಟ್ಟಿದ ಕೋಟೆಯಲ್ಲಿ ಒಂದನ್ನು ಕಳೆಯಬೇಕೆಂದರೂ ಕಳೆಯಲಾಗದೆ ಕೂತೆ.

ಬೇಡ ಎಂದು ಒತ್ತಿ ಕಾರ್ಡನ್ನು ಮೊದಲಿದ್ದ ಜಾಗಕ್ಕೆ ತಿರುಗಿ ಇಟ್ಟೆ. ಎಲ್ಲ ಸರಿಯಾಗಿದೆಯೇ ಎಂದು ಅದರ ಮಾಹಿತಿ ತೆಗೆದು ನೋಡಿದರೆ ಅಲ್ಲಿ, ಕೊನೆಯ ಸಲ ತೆರೆದದ್ದು ನಿನ್ನೆ ಮಧ್ಯಾಹ್ನ ಎಂದಿತ್ತು. ನಿನ್ನೆ ಮಧ್ಯಾಹ್ನ ನಾನು ಕಾಗದದ ಅಂಗಡಿಗೆ ಹೋಗಿದ್ದೆ. ಶಾಂತಾ ಮ್ಯಾಕನ್ನು ಒರೆಸುತ್ತಾಳೆ, ಮುಟ್ಟುವುದಿಲ್ಲ. ಗೌರಿ ಪಲ್ಲಂಗ ಬಿಟ್ಟು ಏಳುವಂತಿಲ್ಲ. ಹಾಗಾದರೆ ಯಾರು ತೆರೆದರು? ಹಾಡಹಗಲಿನಲ್ಲಿ, ದೀಪ ಉರಿಯುತ್ತಿರುವ ಮನೆಯಲ್ಲಿ, ಹಿಂತಿರುಗಿ ನೋಡಲು ಧೈರ್ಯವಾಗಲಿಲ್ಲ.

ಆಗ ಫೋನು ಬಡಿದುಕೊಂಡಿತು. ಎತ್ತಲೂ ಅಂಜಿಕೆ. ಎತ್ತಿದರೆ ಶಾಂತಾ ಅಳುತ್ತಿದ್ದಳು. ನನ್ನ ಜೀವ ಹೋದಷ್ಟು ಹೋಗಿ ಬಂದ ಮೇಲೆ ಅವಳ ಮಾತು ಕಿವಿಗೆ ಬಿತ್ತು: "ಹೆಣ್ಣ ಕೂಸ್ರೀ. ಆಪರೇಷನ್ ಬೇಕಾಗ್ಲಿಲ್ಲ. ಮೂಗು ಮಾತ್ರ ನಿಮ್ದ ಬಂದೈತಿ, ಇರ್‍ಲಿ, ಏನ ಮಾಡೂದು."

ಸಂಜೆ ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಶಾಂತಾ ಮನೆಗೆ ಹೋಗಿ ರೊಟ್ಟಿ ಬಡಿದು ಎಣ್ಣೆಗಾಯಿ ಮಾಡಿ ತಂದಿದ್ದಳು. ಬೀಗತಿ ಮಿಯಾಪುರದಿಂದ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಗೋಧಿ ಹುಗ್ಗಿ ತಂದಿದ್ದರು. ನೆಲದ ಮೇಲೆ ಪೇಪರು ಹಾಸಿ ಕೂತೆವು. ಗೌರಿ ಮಂಚದ ಮೇಲೆ ಮೆತ್ತನೆಯ ಅನ್ನ, ತುಪ್ಪ, ಮೆಣಸಿನ ಸಾರು ಉಣ್ಣುತ್ತಿದ್ದಳು. ಕೂಸಿನ ತಲೆಗೆ ಕೆಳಗಿನ ಮನೆಯವರಿಂದ ಬೇಡಿ ತಂದ ಹಳೆಯ ಕುಲಾವಿ. ದೊಡ್ಡದಾಗಿ ಮೂಗಿನ ತನಕ ಇಳಿದಿತ್ತು. ನನ್ನ ಮೂಗಿನ ತನಕ, ಎಂದು ಹೇಳಬೇಕು.

"ಅಪ್ಪಾ," ಎಂದಳು ಗೌರಿ, "ಕಾರ್ಡಿನ್ಯಾಗ ಹೆಸರಿಗೆ ಬಿಟ್ಟ ಜಾಗ ಸಣ್ಣದಾತು."

ಶಾಂತಾಳ ಕೈಯ ಸೌಟು ನಿಂತಿತು. "ಯಾವ ಕಾರ್ಡ?"

ನಾನು ಮುರಿದ ರೊಟ್ಟಿಯನ್ನು ತಾಟಿಗೇ ತಿರುಗಿ ಇಟ್ಟೆ.

"ತೊಟ್ಟಿಲದ್ದು. ಅಪ್ಪ ಮಾಡಿಟ್ಟಾನ. ದಿನಾ ಮಧ್ಯಾಹ್ನ ಅಪ್ಪ ಹೊರಗ ಹೋದ ಮ್ಯಾಲೆ ಮಲಕೊಂಡಲ್ಲಿಂದನ ಕೈ ಚಾಚಿ ತಗದು ನೋಡ್ತಿದ್ದೆ. ಭೂತಕನ್ನಡ್ಯಾಗ 'ತೊ' ಅಂತ ಒತ್ತಿದ್ರ ಬರ್ತಿತ್ತು."

"ನೋಡಿ ಅಂಜಿಕಿ ಬರ್ಲಿಲ್ಲೇನ?" ಎಂದೆ, ಬಹಳ ಸಣ್ಣ ದನಿಯಲ್ಲಿ.

"ಅಂಜಿಕಿ ಇತ್ತಂತನ ನೋಡ್ತಿದ್ದೆ. ನೀವೆಲ್ಲಾರೂ ಏನೂ ಆಗಂಗಿಲ್ಲ ಅಂತಿದ್ರಿ, ಅನ್ನೂಮುಂದ ಎಲ್ಲಾರ ಮಾರಿನೂ ಬಿಳಿಚಿರ್ತಿತ್ತು. ಯಾರ ಮಾತು ನಂಬಬೇಕು? ಆದ್ರ ನಮ್ಮಪ್ಪನಂಥಾ ಅಂಜುಬುರುಕ ಕಾರ್ಡ ಮಾಡಿಟ್ಟಾನಂದ್ರ, ಕೂಸು ಬರೂದು ಖರೇನ ಅಂತ ಅನಸ್ತಿತ್ತು."

ಪ್ರಕಾಶ ತಲೆ ತಗ್ಗಿಸಿ ನಗುತ್ತಿದ್ದರು. ಶಾಂತಾ ನನ್ನನ್ನು ಒಂದು ಗಳಿಗೆ ನೋಡಿದಳು. "ಕೂಸು ಹುಟ್ಟೂಕಿಂತ ಮೊದಲ..." ಎಂದು ಶುರು ಮಾಡಿ, ಅಷ್ಟಕ್ಕೇ ಬಿಟ್ಟು, ನನ್ನ ತಾಟಿಗೆ ಒಂದು ಸೌಟು ಹುಗ್ಗಿ ಬಡಿಸಿದಳು. "ಉಣ್ರಿ. ಜಾಗ ದೊಡ್ಡದು ಮಾಡೂದು ನಾಳೆ ಮಾಡೀರಂತ."

ಬಲಗೈಯಲ್ಲಿ ಹುಗ್ಗಿ ಕಲಸಿದೆ. ಎಲ್ಲರೂ ಉಣ್ಣುತ್ತಿದ್ದರು, ಕುಲಾವಿಯ ಕೆಳಗೆ ಕೂಸು ಸಣ್ಣಗೆ ಸೀನಿತು. ನನ್ನ ಎಡಗೈ ಖಾಲಿ ಇತ್ತು. ಅದರ ಎರಡು ಬೆರಳು, ನಾನು ಹೇಳದೆಯೇ, ತೊಡೆಯ ಮೇಲೆ ಉಳಿಸುವ ಗುಂಡಿ ಒತ್ತಿದವು. ಈಗ ಎಲ್ಲ ತಾನೇ ಉಳಿಯುತ್ತದೆ ಎನ್ನುತ್ತಾರೆ. ಇರಬಹುದು. ನಾನು ಇನ್ನೊಂದು ಸಲ ಒತ್ತಿ, ಹುಗ್ಗಿ ಉಂಡೆ.