ಉರ್ದು ಕಾಗದದೊಳಗಿನ ಕನ್ನಡ ಮಾತು

ಮೈಮೇಲೆ ಬರುವುದು, ಸತ್ತವರು ಮಾತಾಡುವುದು, ಇಂಥವನ್ನು ನಾನು ನಂಬಿದವನಲ್ಲ. ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳತೆಗೆ ಹಿಡಿದು ನೋಡುವುದೇ ನನ್ನ ಕೆಲಸವಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ತೆಗೆದು ಪಕ್ಕಕ್ಕಿಡುತ್ತಿದ್ದೆ. ಯಾರಾದರೂ ದೆವ್ವದ ಕಥೆ ಶುರುಮಾಡಿದರೆ 'ನೀವೇ ಕಣ್ಣಾರೆ ನೋಡಿದಿರಾ?' ಎಂದು ಕೇಳಿ ಅಲ್ಲಿಗೇ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ಅದೇ ಪ್ರಶ್ನೆಯನ್ನು ನನಗೆ ಕೇಳಿದರೆ, ಹೌದು, ನೋಡಿದೆ ಎನ್ನಬೇಕಾಗಿದೆ. ಬರೀ ನೋಡಲಿಲ್ಲ. ಅರವತ್ತೈದು ದಾಟಿದ ಒಬ್ಬ ಹೆಣ್ಣುಮಗಳ ಕೈಯಿಂದ ನಾನು ರಕ್ತ ಹರಿಸಿದೆ. ಇದನ್ನು ನನ್ನ ಹೆಂಡತಿಗೂ ಪೂರ್ತಿಯಾಗಿ ಹೇಳಿಲ್ಲ.

ಆಗ ನಾನು ನಿವೃತ್ತನಾಗಿ ಐದಾರು ತಿಂಗಳಾಗಿತ್ತು. ಸನತ್‌ನಗರದ ಮನೆಯಲ್ಲಿ ಕೂತು ಕೂತು ಬೇಸರವಾಗಿ, ಅಪ್ಪ ಬಿಟ್ಟುಹೋದ ಒಂದು ನೋಟ್‌ಬುಕ್ಕಿನಿಂದ ನಮ್ಮ ಮನೆತನದ ವಂಶಾವಳಿ ಬರೆಯಲು ತೊಡಗಿದ್ದೆ. ನಮ್ಮೂರು ಕಲಬುರಗಿ ಸೀಮೆಯ ಒಂದು ಸಣ್ಣ ಹಳ್ಳಿ. ಅದೇ ಹೊತ್ತಿಗೆ ಊರಿನಿಂದ ನನ್ನ ದೊಡ್ಡಪ್ಪನ ಮಗ ಮಲ್ಲಣ್ಣ ಫೋನ್ ಮಾಡಿದ.

"ತಮ್ಮಾ, ರಜಾಕಾರರ ಗದ್ದಲದಾಗ ಸತ್ತೋರ ಹೆಸರಿನ ಕಲ್ಲು ನಿಲ್ಲಸಾಕತ್ತೀವಿ. ನಮ್ಮ ಬಸಣ್ಣಜ್ಜನ ಹೆಸರು ಎಲ್ಲಾರಕಿಂತ ಮ್ಯಾಲ ಬರಬೇಕು. ಏನರ ಹಳೇ ಕಾಗದ ಸಿಕ್ರ ಭಾಳ ಛಲೋ ಆಕೈತಿ. ನೀ ಹೈದರಾಬಾದಿನಾಗ ಅದಿ, ಹುಡುಕು."

ಬಸಣ್ಣಜ್ಜ ಎಂದರೆ ನಮ್ಮ ಅಜ್ಜ ಶರಣಪ್ಪನ ತಮ್ಮ. ನಮ್ಮ ಮನೆಯಲ್ಲಿ ಅವನ ಕಥೆಯನ್ನು ಕೇಳದೆ ಬೆಳೆದ ಮಗುವಿಲ್ಲ. ಊರಿನ ಹತ್ತಿ ಹಿಂಜುವ ಪಿಂಜಾರ ಹುಸೇನಪ್ಪ, ನಿಜಾಮನ ಪರವಾಗಿ ಹಳ್ಳಿಗಳನ್ನು ಸುಲಿಯುತ್ತಿದ್ದ ರಜಾಕಾರರ ದಂಡಿಗೆ ದಾರಿ ತೋರಿಸಿ ಕರೆತಂದನಂತೆ. ಬಸಣ್ಣಜ್ಜನನ್ನು ಮನೆಯಂಗಳದಲ್ಲೇ ಕೊಡಲಿಯಿಂದ ಕಡಿದರಂತೆ. ಅದನ್ನು ಕಂಡ ಅವನ ಹೆಂಡತಿ ನೀಲಮ್ಮ ಹುಚ್ಚಿಯಾಗಿ ವಾರದೊಳಗೆ ಬಾವಿಗೆ ಹಾರಿದಳಂತೆ. ಮುಂದೆ ನಲವತ್ತೆಂಟರಲ್ಲಿ ಭಾರತದ ಮಿಲಿಟರಿ ಬಂದು ನಿಜಾಮನ ರಾಜ್ಯ ಹೋದಾಗ ಊರವರು ಹುಸೇನಪ್ಪನನ್ನು ಮನೆಯಿಂದ ಎಳೆದು ತಂದು ಕಲ್ಲಿನಿಂದ ಹೊಡೆದು ಕೊಂದರು. 'ಮೊದಲ ಕಲ್ಲು ನಮ್ಮಜ್ಜಂದು' ಎಂದು ನಮ್ಮಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು. ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಆದರೂ ಆ ಕಲ್ಲಿನ ಮಾತನ್ನು ನಾನೂ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿದ್ದೇನೆ. ಮುಚ್ಚುಮರೆ ಯಾಕೆ, ಹೇಳುವಾಗ ನನಗೆ ಖುಷಿಯೇ ಆಗುತ್ತಿತ್ತು.

ನಗರದ ಒಂದು ಹಳೆಯ ಗ್ರಂಥಾಲಯದಲ್ಲಿ ತಾಲ್ಲೂಕು ಕಚೇರಿಗಳಿಂದ ಬಂದ ನಿಜಾಮರ ಕಾಲದ ಕಡತಗಳ ಕೋಣೆಯೊಂದಿದೆ. ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಎಲ್ಲವೂ ಉರ್ದುವಿನಲ್ಲಿ. ನನಗೆ ಉರ್ದು ಮಾತು ಬರುತ್ತದೆ, ಓದಲು ಬರುವುದಿಲ್ಲ. ಅಲ್ಲಿಗೆ ದಿನಾ ಬರುವ, ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ನಸೀಮಾ ಎಂಬವರ ಪರಿಚಯವಾಯಿತು. ಉರ್ದು ಟೀಚರಾಗಿ ನಿವೃತ್ತರಾದವರು. ನನ್ನಂಥವರಿಗೆ ಹಳೆಯ ಕಾಗದ ಓದಿ ಹೇಳುವುದು ಅವರಿಗೊಂದು ಹವ್ಯಾಸ. ನಾನು ಮನೆಯಿಂದ ಶೇಂಗಾ ಹೋಳಿಗೆ ಒಯ್ದರೆ ಅದನ್ನು ಮಾತ್ರ ಬೇಡವೆನ್ನುತ್ತಿರಲಿಲ್ಲ. ನಮ್ಮ ಮಾತುಕತೆಯೆಲ್ಲ ದಖ್ಖನಿ ಉರ್ದುವಿನಲ್ಲಿ. ಕನ್ನಡ ಅವರಿಗೆ ಒಂದಕ್ಷರವೂ ಬಾರದು. ಇದನ್ನು ನೀವು ಗಮನದಲ್ಲಿಟ್ಟುಕೊಳ್ಳಬೇಕು.

ಒಂದೂವರೆ ತಿಂಗಳು ಏನೂ ಸಿಗಲಿಲ್ಲ. ಆಮೇಲೊಂದು ದಿನ ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮೂರಿನ ಹೆಸರಿದ್ದ ಕಡತ ಕೈಗೆ ಬಂತು. ದಾರದಿಂದ ಹೊಲಿದ ಐದು ಹಾಳೆ. ನೀಲಮ್ಮ ಪೊಲೀಸ್ ಚೌಕಿಯಲ್ಲಿ ಕೊಟ್ಟ ಹೇಳಿಕೆ. ನನಗೆ ಆನಂದವಾಯಿತು. ಮಲ್ಲಣ್ಣನಿಗೆ ಬೇಕಾದ ಸಾಕ್ಷಿ ಇದೇ ಅಂದುಕೊಂಡೆ. ಆಪಾ ಮೊದಲ ಹಾಳೆಯನ್ನು ಮನಸ್ಸಿನಲ್ಲೇ ಓದಿಕೊಂಡು ಕನ್ನಡಕ ತೆಗೆದರು.

"ಭಾಯಿಸಾಬ್, ಈಕೆ ನಿಮಗೆ ಏನಾಗಬೇಕು?"

"ನನ್ನ ಚಿಕ್ಕಜ್ಜಿ. ಓದಿ ಆಪಾ."

ಅವರು ಮೆಲ್ಲಗೆ ಓದಿದರು, ನೀಲಮ್ಮನ ಮಾತಿನಲ್ಲೇ. ದಂಡು ಬರುತ್ತದೆಂಬ ಸುದ್ದಿ ಕೇಳಿ ಊರಿನ ಜನ ಹೊಲಗಳಿಗೆ ಓಡಿಹೋಗಿದ್ದರು. ನಮ್ಮ ಮನೆಗೆ ದಂಡಿನ ಒಬ್ಬನೂ ಬರಲಿಲ್ಲ. ನನ್ನ ಗಂಡ ಎತ್ತು ಬಿಚ್ಚಿಕೊಂಡು ಹೊರಡಬೇಕೆಂದು ಬಗ್ಗಿದ್ದ. ಬಾವಿ ಹೊಲದ ಪಾಲಿನ ಸಲುವಾಗಿ ಅಣ್ಣತಮ್ಮಂದಿರಿಗೆ ಎರಡು ವರ್ಷದಿಂದ ಮಾತಿರಲಿಲ್ಲ. ನನ್ನ ಗಂಡನನ್ನು ಕಡಿದವನು ಅವನ ಒಡಹುಟ್ಟಿದ ಅಣ್ಣ ಶರಣಪ್ಪ.

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಫ್ಯಾನಿನ ಸದ್ದು ನಿಂತಂತಾಯಿತು. ಬಲಗೈ ಭಾರವಾಯಿತು. ಹಿಡಿ ಇರುವ ಏನನ್ನೋ ಎತ್ತಿ ಹಿಡಿದಾಗ ಮೊಣಕೈವರೆಗೆ ಬರುತ್ತದಲ್ಲ, ಅಂಥ ಭಾರ. ಆಮೇಲೆ ನನ್ನ ಮುಂದೆ ಮೇಜು ಇರಲಿಲ್ಲ. ಸಗಣಿ ಸಾರಿಸಿದ ಅಂಗಳವಿತ್ತು. ಬಗ್ಗಿ ಎತ್ತಿನ ಹಗ್ಗ ಬಿಚ್ಚುತ್ತಿದ್ದವನ ಬೆನ್ನು ಕಾಣಿಸಿತು. ಕೊಡಲಿ ಎತ್ತಿದವನು ನಿಂತ ಜಾಗದಿಂದ ನಾನದನ್ನು ನೋಡುತ್ತಿದ್ದೆ. ಮೊದಲ ಏಟು ಹೆಗಲಿಗೆ ಬಿತ್ತು. ಅವನು ತಿರುಗಿ ನೋಡಿ 'ಅಣ್ಣಾ' ಅಂದ. ಎರಡನೆಯದು ಕುತ್ತಿಗೆಗೆ. ಬಿದ್ದ ಮೇಲೂ ಇನ್ನೊಂದು. ಎತ್ತು ಕಣ್ಣಿ ಕಿತ್ತುಕೊಂಡು ಓಡಿತು. ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನಾನು ಅವಳ ಕಡೆ ನಡೆದೆ.

ಎಚ್ಚರವಾದಾಗ ಇಬ್ಬರು ನನ್ನ ರಟ್ಟೆ ಹಿಡಿದು ಗೋಡೆಗೆ ಒತ್ತಿದ್ದರು. ಕುರ್ಚಿ ಉರುಳಿತ್ತು. ಆಪಾ ಎಡಗೈಯನ್ನು ಮೈಗೆ ಒತ್ತಿಕೊಂಡು ಮುದುಡಿ ಕೂತಿದ್ದರು. ಅವರ ಹಸಿರು ಗಾಜಿನ ಬಳೆಗಳು ಒಡೆದು ಚೂರುಗಳು ಮಣಿಕಟ್ಟಿಗೆ ನಾಟಿದ್ದವು. ಮೇಜಿನ ಮೇಲೆ ರಕ್ತ ಹನಿದಿತ್ತು. ಅಷ್ಟರಲ್ಲೂ ಅವರು ಬಲಗೈಯನ್ನು ಕಡತದ ಮೇಲೆ ಅಡ್ಡ ಇಟ್ಟುಕೊಂಡಿದ್ದರು, ಕಲೆಯಾಗದಿರಲೆಂದು.

"ಏದೋ ಅರಿಚಾರು ಸಾರ್," ಎಂದ ನನ್ನನ್ನು ಹಿಡಿದಿದ್ದ ಅಟೆಂಡರ್, ತೆಲುಗಿನಲ್ಲಿ. ನಾನು ಏನೋ ಕಿರುಚಿದೆನಂತೆ. ಆಪಾ ಅವರ ಕೈ ತಿರುಚಿ, ಮುಖಕ್ಕೆ ಮುಖ ಕೊಟ್ಟು ಕಿರುಚಿದೆನಂತೆ. ನನಗೆ ಏನೂ ನೆನಪಿರಲಿಲ್ಲ.

ಮೇಲ್ವಿಚಾರಕರು ಪೊಲೀಸರಿಗೆ ಫೋನ್ ಮಾಡಲು ಹೊರಟರು. ಆಪಾ ತಡೆದರು. ಯಾರೋ ಕರವಸ್ತ್ರ ಕಟ್ಟಿದರು. ನಾನು ಕೈ ಮುಗಿದು ನಿಂತಿದ್ದೆ, ಅಳುತ್ತಿದ್ದೆ ಎಂದು ಕಾಣುತ್ತದೆ. ಆಸ್ಪತ್ರೆಗೆ ಹೋಗೋಣ ಎಂದರೆ ಆಪಾ ಕೇಳಲಿಲ್ಲ. ಹಾಳೆ ತಿರುವಿದರು. ಅದುವರೆಗೆ ನಾವು ತೆರೆಯದಿದ್ದ ಹಾಳೆ ಅದು. ನಾಲ್ಕೈದು ಸಾಲು ಓದಿ ನಿಂತರು.

"ಮೈದುನ... ಅಲ್ಲ, ಭಾವ. ಭಾವ ನನ್ನ ಕೈ ಹಿಡಿದು ಬಳೆ ಒಡೆಯುವಂತೆ ತಿರುಚಿ ತನ್ನ ಭಾಷೆಯಲ್ಲಿ ಹೀಗೆ ಹೇಳಿದ," ಎಂದು ಓದಿದರು. ಆಮೇಲೆ, "ಯೇ ಉರ್ದೂ ನಹೀ ಹೈ, ಭಾಯಿಸಾಬ್," ಎಂದರು. ಹೇಳಿಕೆ ಬರೆದುಕೊಂಡ ಗುಮಾಸ್ತ ಆ ಮಾತನ್ನು ಮಾತ್ರ ಅನುವಾದಿಸದೆ ಉರ್ದು ಅಕ್ಷರದಲ್ಲೇ ಇದ್ದ ಹಾಗೆ ಬರೆದಿದ್ದ. ಆಪಾ ಮಗು ಓದಿದಂತೆ ಬಿಡಿಸಿ ಓದಿದರು.

"ನೀ... ನೋ-ಡಿಲ್ಲ. ನೀ ನೋಡಿಲ್ಲ."

ಓದಿ ತಲೆಯೆತ್ತಿದರು.

"ನೀವು ಈಗ ಕೂಗಿದ್ದು ಇದನ್ನೇ," ಅಂದರು. "ಇದರ ಅರ್ಥ ಏನು?"

ನಾನು ಅರ್ಥ ಹೇಳಿದೆ. ಅವರು ಮುಂದಿನ ಹಾಳೆಗಳನ್ನು ತಿರುವಿದರು. ಕೊನೆಯ ಹಾಳೆಯಲ್ಲಿ ಎರಡು ಹೆಬ್ಬೆಟ್ಟಿನ ಗುರುತುಗಳಿದ್ದವು. ಒಂದು ನೀಲಮ್ಮನದು. ಇನ್ನೊಂದು, ಅವಳನ್ನು ಚೌಕಿಯವರೆಗೆ ಕರೆತಂದ ಸಾಕ್ಷಿಯದು. ಪಕ್ಕದಲ್ಲಿದ್ದ ಹೆಸರನ್ನು ನಾನು ಎರಡು ಸಲ ಓದಿಸಿದೆ. ಹುಸೇನ್ ಸಾಬ್, ಪಿಂಜಾರ.

ಆ ರಾತ್ರಿ ಮಲ್ಲಣ್ಣನಿಗೆ ಫೋನ್ ಮಾಡಿ ಕಾಗದದಲ್ಲಿದ್ದುದನ್ನೆಲ್ಲ ಹೇಳಿದೆ. ನನಗಾದದ್ದನ್ನು ಹೇಳಲಿಲ್ಲ.

"ಆಕಿಗೆ ಹುಚ್ಚು ಹಿಡಿದಿತ್ತೋ ತಮ್ಮಾ. ಹುಚ್ಚರ ಮಾತು ಯಾರರ ಬರಕೋತಾರೇನು?"

"ಬರಕೊಂಡಾರ ಅಲ್ಲೋ ಅಣ್ಣಾ. ಹುಸೇನಪ್ಪನ ಹೆಬ್ಬೆಟ್ಟು ಐತಿ. ಕೊಲ್ಲಿಸಿದಂವ ಆಕಿನ್ನ ಚೌಕಿಗೆ ಕರಕೊಂಡು ಹೋಗ್ತಾನೇನು?"

"ಆ ಕಾಗದ ಅಲ್ಲೇ ಇಟ್ಟು ಬಾ," ಎಂದು ಫೋನ್ ಇಟ್ಟುಬಿಟ್ಟ.

ವಾರದ ಬಳಿಕ ಆಪಾ ಅವರ ಮನೆಗೆ ಹೋದೆ. ಮಣಿಕಟ್ಟಿಗೆ ಆರು ಹೊಲಿಗೆ ಬಿದ್ದಿತ್ತು. ಅವರ ಮಗ ನನ್ನನ್ನು ಒಳಗೆ ಬಿಡಲಿಲ್ಲ, ಅವನದೇನೂ ತಪ್ಪಿಲ್ಲ. ಅವರೇ ಬಾಗಿಲಿಗೆ ಬಂದರು. ನಾನು ಕ್ಷಮೆ ಕೇಳಿದೆ. ಅವರು ಸ್ವಲ್ಪ ದೂರದಲ್ಲೇ ನಿಂತು ಒಂದು ಮಾತು ಹೇಳಿದರು.

"ಕಾಗದದಲ್ಲಿ ಅದು ಎರಡೇ ಸಲ ಇದೆ, ಭಾಯಿಸಾಬ್. ನೀವು ಮೂರು ಸಲ ಕೂಗಿದಿರಿ. ಮೂರನೇ ಸಲ ನನ್ನ ಕಡೆ ನೋಡಲಿಲ್ಲ. ಕೆಳಗೆ, ನೆಲದ ಕಡೆ ನೋಡಿ ಕೂಗಿದಿರಿ. ಯಾಕೆ?"

ಆ ಕಾಲವನ್ನು ಕಂಡವರಲ್ಲಿ ನಮ್ಮ ಮನೆತನದಲ್ಲಿ ಒಬ್ಬಳೇ ಉಳಿದಿದ್ದಳು. ಅಲ್ಲಿಂದ ನೇರವಾಗಿ ನಾರಾಯಣಗೂಡಕ್ಕೆ, ನಮ್ಮ ಸೋದರತ್ತೆ ಗಂಗವ್ವನ ಮನೆಗೆ ಹೋದೆ. ಅವಳು ಶರಣಪ್ಪಜ್ಜನ ಕೊನೆಯ ಮಗಳು. ಮದುವೆಯಾಗಿ ಹೈದರಾಬಾದಿಗೆ ಬಂದವಳು ಮತ್ತೆ ಊರಿನ ಕಡೆ ಮುಖ ಹಾಕಿರಲಿಲ್ಲ. ಆಗ ಎಂಬತ್ತು ದಾಟಿದ್ದಳು. ಊರಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಯಾಕೆಂದು ನಾವ್ಯಾರೂ ಕೇಳಿರಲಿಲ್ಲ.

ಅವತ್ತು ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಪೀಠಿಕೆಯಿಲ್ಲದೆ ಕೇಳಿದೆ.

"ಅತ್ತಿ, 'ನೀ ನೋಡಿಲ್ಲ' ಅಂತ ಅಜ್ಜ ಯಾರಿಗೆ ಅಂದಿದ್ದ?"

ಅವಳ ಕೈ ನಿಂತಿತು. ನಾನು ಹತ್ತಿರ ಸರಿದೆ. ಅವಳು ಥಟ್ಟನೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಎಂಬತ್ತರ ಮುದುಕಿ ನನ್ನನ್ನು ಕಂಡು ಹೆದರಿದ್ದಳು.

"ಯಾರು ಹೇಳಿದ್ರೋ ನಿನಗ? ಸತ್ತೋರು ಬಿಟ್ರ ಯಾರಿಗೂ ಗೊತ್ತಿಲ್ಲ ಅದು."

ಕಾಗದದ ವಿಷಯವನ್ನೂ ಗ್ರಂಥಾಲಯದಲ್ಲಿ ನನಗಾದದ್ದನ್ನೂ ಅವಳೊಬ್ಬಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಚಾಪೆಯ ಮೇಲೆ ಒರಗಿಕೊಂಡಳು.

"ಚಿಗವ್ವಗ ಎರಡು ಸಲ ಅಂದ," ಎಂದಳು. "ಮೂರನೇದು ನನಗ. ನಾ ಬಾಗಿಲ ಹಿಂದ ಕುಂತಿದ್ದೆ. ಆರು ವರ್ಷದಾಕಿ. ನನ್ನ ಕೈಯೂ ಹಿಂಗ ಹಿಡಿದಿದ್ದ. ಕೈತುಂಬ ಬೆಚ್ಚಗ ರಕ್ತ, ಜಾರಾಕತ್ತಿತ್ತು. ಚೀರಿದ್ದು ಕೇಳಿ ಹುಸೇನಪ್ಪ ಓಡಿ ಬಂದ. ನನ್ನ ಎತಗೊಂಡು ಹೊರಗ ಒಯ್ದಂವ ಅಂವನ."

"ಯಾರ ಮುಂದರ ಹೇಳಿದ್ಯೇನು?"

"ನನ್ನ ಗಂಡನ ಮುಂದೂ ಹೇಳಿಲ್ಲ." ಅವಳು ಗೋಡೆಯ ಕಡೆ ಹೊರಳಿದಳು. "ಮಿಲಿಟರಿ ಬಂದ ಮ್ಯಾಲ ಹುಸೇನಪ್ಪನ್ನ ನಮ್ಮ ಮನಿ ಮುಂದನ ಎಳಕೊಂಡು ಹೋದ್ರು. ನಾ ಕಟ್ಟಿ ಮ್ಯಾಲ ನಿಂತಿದ್ದೆ. ಒಂದು ಕಣ್ಣು ಆಗಲೇ ಹೋಗಿತ್ತು ಅಂವಂದು. ಇನ್ನೊಂದು ಕಣ್ಣಿಲೆ ನನ್ನ ನೋಡಿದ. 'ಗಂಗವ್ವಾ, ನೀ ಹೇಳ ನನ್ನವ್ವಾ, ನೀ ನೋಡಿದ್ದಿಯಲ್ಲ' ಅಂದ. ಅಪ್ಪ ಬಾಜೂಕ ಕಲ್ಲು ಹಿಡಕೊಂಡು ನಿಂತಿದ್ದ. ನಾ ಹೇಳಲಿಲ್ಲ."

ಹೊರಗೆ ಕೋಚಿಂಗ್ ಕ್ಲಾಸ್ ಬಿಟ್ಟು ಮಕ್ಕಳು ಗಲಾಟೆ ಮಾಡುತ್ತ ಹೋಗುತ್ತಿದ್ದರು. ಅತ್ತೆ ಎದ್ದು ಕೂತು, "ಈಗ ಬರಕೋ," ಎಂದಳು. ನಾನು ಬರೆದುಕೊಂಡೆ. ಅವಳು ಕೆಳಗೆ ಸಹಿ ಮಾಡಿದಳು.

ಅದನ್ನೂ ನೀಲಮ್ಮನ ಹೇಳಿಕೆಯ ನಕಲನ್ನೂ ಸೇರಿಸಿ ಮಲ್ಲಣ್ಣನಿಗೆ ಕಳಿಸಿದೆ. ಸತ್ತವರ ಕಲ್ಲಿನಲ್ಲಿ ಹುಸೇನಪ್ಪನ ಹೆಸರೂ ಇರಲಿ ಎಂದು ಕೇಳಿಕೊಂಡೆ. ಉತ್ತರ ಬರಲಿಲ್ಲ. ಕಲ್ಲು ನಿಂತಿತು. ಬಸಣ್ಣಜ್ಜನ ಹೆಸರು ಎಲ್ಲರಿಗಿಂತ ಮೇಲಿದೆಯಂತೆ, ಹುಸೇನಪ್ಪನದು ಇಲ್ಲ. ಮಲ್ಲಣ್ಣ ನನ್ನ ಜೊತೆ ಮಾತು ಬಿಟ್ಟ. ಅತ್ತೆ ಮರುವರ್ಷ ತೀರಿಕೊಂಡಳು. ನೀಲಮ್ಮ ತಾನೇ ಬಾವಿಗೆ ಹಾರಿದಳೋ, ಯಾರಾದರೂ ನೂಕಿದರೋ, ಅದನ್ನು ಹೇಳುವ ಕಾಗದ ಎಷ್ಟು ಹುಡುಕಿದರೂ ಸಿಗಲಿಲ್ಲ.

ಇದಕ್ಕೆ ನಾನು ಬಹಳ ಸಮಾಧಾನ ಹುಡುಕಿದ್ದೇನೆ. ಎಳೆತನದಲ್ಲಿ ಯಾರ ಬಾಯಿಂದಲೋ ಆ ಮಾತು ಕೇಳಿದ್ದೆನೇನೋ ಅಂದುಕೊಂಡೆ. ಆದರೆ ಹೇಳಬಲ್ಲವಳು ಒಬ್ಬಳೇ ಇದ್ದಳು, ಅವಳು ಹೇಳಿರಲಿಲ್ಲ. ರಕ್ತದೊತ್ತಡವಿರಬಹುದೆಂದು ಪರೀಕ್ಷೆ ಮಾಡಿಸಿದೆ, ಡಾಕ್ಟರು ಎಲ್ಲ ಸರಿಯಾಗಿದೆ ಎಂದರು. ತಿಳಿದವರು ಯಾರಾದರೂ ವಿವರಿಸಿದರೆ ಕೇಳುತ್ತೇನೆ. ಆದರೆ ಅವರು ಇದೊಂದನ್ನು ಬಿಡದೆ ವಿವರಿಸಬೇಕು. ಆ ಅಂಗಳದಲ್ಲಿ ಕೊಡಲಿ ಎತ್ತಿ ನಿಂತಿದ್ದಷ್ಟು ಹೊತ್ತು ನನಗೆ ಹೆದರಿಕೆಯಾಗಲಿಲ್ಲ, ದುಃಖವೂ ಆಗಲಿಲ್ಲ. ಬಗ್ಗಿದ್ದ ಆ ಬೆನ್ನನ್ನು ಕಂಡು ನನಗೆ ಸಿಟ್ಟು ಬಂದಿತ್ತು. ಬಾವಿ ಹೊಲ ಎಲ್ಲಿದೆ ಎಂದೂ ಗೊತ್ತಿಲ್ಲದ ನನಗೆ, ಆ ಹೊಲ ನನ್ನದು ಅನ್ನಿಸಿತ್ತು.