ಕಿಟಕಿಯ ನೆತ್ತಿಯ ಮೊಳೆ

ಮಧುಗಿರಿಯ ಬೇಸಿಗೆ ಸೂರ್ಯ ಮುಳುಗಿದರೂ ಮುಗಿಯುವುದಿಲ್ಲ. ಹಗಲೆಲ್ಲ ಕಾದ ಬೆಟ್ಟದ ಬಂಡೆ ಸಂಜೆ ಊರ ಮೇಲೆ ಶಾಖ ಬಿಡುತ್ತದೆ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಶಾಖ ಹೇಗೆ ಹರಿಯುತ್ತದೆಂದು ಬೋರ್ಡಿನ ಮೇಲೆ ಬಾಣ ಬರೆದು ತೋರಿಸುವವನು. ಹಾಗಾಗಿ ಮನೆಯಲ್ಲೂ ನಾನು ಹೇಳಿದ್ದೇ ಸರಿ ಎಂಬ ಅಹಂಕಾರವಿತ್ತು.

ಮನೆಯಲ್ಲಿದ್ದದ್ದು ಇಬ್ಬರೇ, ನಾನು ಮತ್ತು ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವಳು. 'ಇವಳು ಮುಟ್ಟಿದ್ದೆಲ್ಲ ಹಾಳು' ಎಂದು ಗಂಡನ ಮನೆಯವರು ಆಡಿದ್ದನ್ನು ಒಂದೇ ಒಂದು ಸಲ ನನಗೆ ಹೇಳಿದ್ದಳು, ಹೇಳಿ ಒಲೆಯ ಕಡೆ ತಿರುಗಿಕೊಂಡಿದ್ದಳು. ಬೀದಿ ಕಡೆಯ ಕಿಟಕಿಯೇ ಅವಳ ಜಾಗ. ಮೊರ ಮುಂದಿಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ಶುಕ್ರವಾರ ಗೊರವನಹಳ್ಳಿ ಗುಡಿಯ ಬಸ್ಸಿಗೆ ಓಡುವ ಹೆಂಗಸರನ್ನೆಲ್ಲ ಮಾತಿಗೆಳೆದು ಬಸ್ಸು ತಪ್ಪಿಸುತ್ತಿದ್ದಳು.

ಆ ಕಿಟಕಿಯಿಂದಲೇ ಮಧ್ಯಾಹ್ನದ ಬಿಸಿಲು ನುಗ್ಗುತ್ತಿತ್ತು. ಎರಡು ಸಲ ತಲೆಸುತ್ತಿ ಬಿದ್ದಳು. ಸೆಖೆ ತಾಗಬಾರದು ಎಂದರು ಡಾಕ್ಟರು. ಹಳೆಯ ಮರದ ಕಿಟಕಿ ಕಿತ್ತು, ಬಿಳಿ ಪ್ಲಾಸ್ಟಿಕ್ ಚೌಕಟ್ಟಿನ ಜೋಡಿ ಗಾಜಿನ ಕಿಟಕಿ ಹಾಕಿಸಿದೆ. ಎರಡು ಗಾಜಿನ ನಡುವೆ ಒಣ ಗಾಳಿ, ಅಂಚಿಗೆಲ್ಲ ಬಿಗಿಯಾದ ಅಂಟು. ಹೊರಗಿನ ಶಾಖ ಅಷ್ಟು ಸುಲಭವಾಗಿ ಒಳಗೆ ಬರುವುದಿಲ್ಲ. ಅಕ್ಕ ಗಾಜಿಗೆ ಕೆನ್ನೆ ಒತ್ತಿ, "ನೀರಿನ ಮಡಕೆ ಮುಟ್ಟಿದಂಗೈತೆ ಕಣ್ಲಾ" ಎಂದಳು.

ಚೌಕಟ್ಟಿನ ಕೆಳಗೆ, ಹೊರಗಡೆ, ಎರಡು ಸಣ್ಣ ಸೀಳುಗಳಿದ್ದವು. ಇರುವೆ ಸಾಲು ಹಿಡಿದವು. ಬಿಳಿ ಸಿಮೆಂಟ್ ಕಲಸಿ ಮೆತ್ತಿದೆ.

"ಮಾಡ್ದೋರು ಸುಮ್ಸುಮ್ನೆ ತೂತು ಬುಟ್ಟಿರ್ತಾರೇನ್ಲಾ?" ಎಂದಳು ಅಕ್ಕ.

"ನಿಂಗೆ ಗೊತ್ತಾಗಲ್ಲ, ಸುಮ್ನಿರಕ್ಕ" ಎಂದೆ.

ಯುಗಾದಿಗೆ ಬಾಗಿಲಿಗಷ್ಟೇ ಅಲ್ಲ, ಕಿಟಕಿಗೂ ತೋರಣ ಕಟ್ಟುವುದು ನಮ್ಮ ಮನೆಯ ರೂಢಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಕ್ಕ ಸ್ಟೂಲು ಹತ್ತಿ, ಚೌಕಟ್ಟಿನ ನೆತ್ತಿಗೆ ಮೊಳೆ ಹೊಡೆದು, ಮಾವಿನೆಲೆ ಬೇವಿನೆಲೆ ಸೇರಿಸಿ ಕಟ್ಟಿ ಆಗಿತ್ತು.

ಮಳೆ ಹಿಡಿದ ಮೇಲೆ ಗಾಜು ಮಂಜಾಯಿತು. ಒಳಗೆ ಒರೆಸಿದೆ, ಹೊರಗೆ ಒರೆಸಿದೆ. ಮಂಜು ಇದ್ದದ್ದು ಎರಡು ಗಾಜಿನ ನಡುವೆ, ಕೈ ಹೋಗದ ಕಡೆ. ನನ್ನ ಕಣ್ಣಿಗೆ ಬಿದ್ದದ್ದು ಆ ಮೊಳೆ. ಅಂಟು ಬಿಡಿಸಿದ್ದು ಅದೇ ಎಂದು ತೀರ್ಮಾನಿಸಿದೆ. ಪರೀಕ್ಷೆ ಮಾಡದೆ ತೀರ್ಮಾನಕ್ಕೆ ಬರಬಾರದೆಂದು ಮಕ್ಕಳಿಗೆ ಹೇಳುವ ಮೇಷ್ಟ್ರು ನಾನು.

"ನೀನು ಮುಟ್ಟಿದ್ದೆಲ್ಲ ಹಾಳು" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ಮೊಳೆ ಕಿತ್ತಳು, ತೂತಿಗೆ ಸೋಪಿನ ಚೂರು ತುಂಬಿ ಒತ್ತಿದಳು, ತನ್ನ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮತ್ತೆ ಆ ಕಿಟಕಿಯ ಹತ್ತಿರ ಕೂರಲಿಲ್ಲ. ಮುಂದಿನ ಯುಗಾದಿಗೆ ಮಾವಿನೆಲೆ ತಂದುಕೊಟ್ಟರೆ, "ನೀನೇ ಕಟ್ಟಪ್ಪ, ನನ್ ಕೈ ಬ್ಯಾಡ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ತಪ್ಪಾಯಿತು ಅನ್ನುತ್ತಿದ್ದೆನೇನೋ. ಹೊಸ ಗಾಜು ಹಾಕಿಸಿ, ಅವಳನ್ನು ಕರೆದು ಕೂರಿಸಿದರಾಯಿತು ಎಂದು ದಿನ ತಳ್ಳಿದೆ. ಆಷಾಢದ ಒಂದು ಬೆಳಿಗ್ಗೆ ಅಕ್ಕ ಏಳಲಿಲ್ಲ.

ತಿಥಿ ಮುಗಿದ ಮೇಲೆ ಶಿರಾದಿಂದ ಫಿಟ್ಟರ್ ಒಬ್ಬನನ್ನು ಕರೆಸಿ ಮೊಳೆಯ ತೂತು ತೋರಿಸಿದೆ.

"ಇದು ಬರೀ ಚೌಕಟ್ಟಿಗೆ ಹೋಗಿದೆ ಸಾರ್, ಗಾಜಿಗೂ ಇದಕ್ಕೂ ಸಂಬಂಧನೇ ಇಲ್ಲ" ಎಂದ. ಹೊರಗೆ ಹೋಗಿ ಬಗ್ಗಿ, ಬಿಳಿ ಸಿಮೆಂಟನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ತೆಗೆದ. ಒಳಗೆ ನಿಂತಿದ್ದ ಮಳೆನೀರು ಗೋಡೆಯ ಮೇಲೆ ಇಳಿಯಿತು. "ನೀರು ಹೋಗ್ಲಿ ಅಂತ ಇಟ್ಟ ದಾರಿ ಇದು. ನಿಂತು ನಿಂತು ಗಾಜಿನ ಅಂಟೇ ಬಿಟ್ಟೋಗಿದೆ. ಯಾರು ಸಾರ್ ಮುಚ್ಚಿದ್ದು?"

"ನಾನು" ಎಂದೆ. ಅದನ್ನು ಕೇಳಿಸಿಕೊಳ್ಳಬೇಕಾದವಳು ಇರಲಿಲ್ಲ.

ಚೌಕಟ್ಟು ಹಾಗೇ ಉಳಿಸಿ, ಗಾಜಿನ ಜೋಡಿಯನ್ನಷ್ಟೇ ಬದಲಾಯಿಸಿದ. ಅರ್ಧ ದಿನದ ಕೆಲಸ. ಅಷ್ಟಕ್ಕೆ ನಾನು ಒಂದು ವರ್ಷ ತಡಮಾಡಿದ್ದೆ. ಈಗ ಮೋಡ ಕಟ್ಟಿದಾಗಲೆಲ್ಲ ಪೊರಕೆ ಕಡ್ಡಿಯಿಂದ ಆ ಸೀಳುಗಳನ್ನು ಚುಚ್ಚಿ ನೋಡುತ್ತೇನೆ. ಬೀದಿ ಚೆನ್ನಾಗಿ ಕಾಣುತ್ತದೆ. ಶುಕ್ರವಾರದ ಹೆಂಗಸರು ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗುತ್ತಾರೆ, ನನ್ನ ಮುಖ ಕಂಡು ಬಸ್ಸಿಗೆ ಹೋಗುತ್ತಾರೆ.

ಈ ಯುಗಾದಿಗೆ ಮಾವಿನೆಲೆ ತಂದು, ಕಿಟಕಿ ತೆರೆದು, ಮೊಳೆ ಸುತ್ತಿಗೆ ಹಿಡಿದು ಸ್ಟೂಲು ಹತ್ತಿದೆ. ಒಣಗಿದ ಸೋಪಿನ ಮೇಲೆ ಅವಳ ಹೆಬ್ಬೆರಳಿನ ಗುರುತು ಇನ್ನೂ ಇತ್ತು. ಎದುರುಮನೆಯಾಕೆ ಬೀದಿಯಿಂದ ನೋಡಿ, "ಸಾವಾದ ಮನೆ ಕಣಣ್ಣ, ವರ್ಸ ತುಂಬೋಗಂಟ ತೋರಣ ಕಟ್ಟಂಗಿಲ್ಲ" ಎಂದಳು.

ಇಳಿದೆ. ಎಲೆಗಳನ್ನು ಅಕ್ಕನ ಮೊರಕ್ಕೆ ಹಾಕಿ, ಅವಳು ಕೂರುತ್ತಿದ್ದ ಜಾಗದಲ್ಲಿ ಕೂತು ಅತ್ತೆ.